ಮದುವೆ ಮಂಚ ಯಾವ ಮನೆಯಲ್ಲಿ ಮಾಡಿಸಬೇಕು?

ಮದುವೆ ನಿಶ್ಚಯವಾದ ಮನೆಯಲ್ಲಿ ಚಿನ್ನದ ಮಾತು ಮುಗಿದ ಕೂಡಲೇ ಮಂಚದ ಮಾತು ಶುರುವಾಗುತ್ತದೆ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಕೊಟ್ಟರೂ ಸಂತೋಷ" ಅಂತ ಗಂಡಿನ ಕಡೆಯವರು ಹೇಳುತ್ತಾರೆ. ಈ ಮಾತಿನ ಅರ್ಥ ಹೆಣ್ಣಿನ ಉಪ್ಪನಿಗೆ ಗೊತ್ತಾಗದೇ ಇರುತ್ತದೆಯೇ? ಮಂಚ, ಕಪಾಟು, ಕನ್ನಡಿ ಮೇಜು ಸೇರಿದ ಸೆಟ್ಟು ಕಂತಿನ ಮೇಲೆ ಬರುತ್ತದೆ. ಹೊರಗೆ ಹೊಳಪು, ಒಳಗೆ ಬಹಳ ಸಲ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಕೆಲವರ ಮನೆಯಲ್ಲಿ ಆಗಲೂ ಸಾಲ ತೀರಿರುವುದಿಲ್ಲ.

ಹಾಗಾದರೆ ಗಟ್ಟಿಮರದ ಮಂಚ ಮಾಡಿಸಿ ಕೊಡಿ ಅಂತ ನಾವು ಎಷ್ಟೋ ಮಂದಿಗೆ ಹೇಳಿದ್ದುಂಟು. ಸಂತೆಮರಹಳ್ಳಿಯ ಕಡೆ ಮದ್ರಸದಲ್ಲಿ ಕಲಿಸುತ್ತಿದ್ದಾಗ ಒಂದು ಮಂಚ ನಾವೇ ಮಾಡಿಸಿದೆವು. ಆಮೇಲೆ ನಮ್ಮ ಮಾತು ಸ್ವಲ್ಪ ಬದಲಾಯಿತು.

ಬಂಟ್ವಾಳದ ಕಡೆಗೆ ತಂಗಿಯ ಮಗಳನ್ನು ಕೊಡುವುದೆಂದು ತೀರ್ಮಾನವಾಗಿತ್ತು. ಸಂತೆಮರಹಳ್ಳಿಯ ಸುತ್ತ ಬೇವು ಸಿಗುತ್ತದೆ. ಕಹಿ ಮರ, ಚೇಗಿನ ಭಾಗಕ್ಕೆ ಹುಳು ಬೇಗ ಬೀಳುವುದಿಲ್ಲ. ವರ್ಷದ ಹಿಂದೆ ಸೀಳಿ ಒಣಗಿಸಿಟ್ಟ ಒಂದು ಅಂಗುಲ ದಪ್ಪದ ಹಲಗೆಗಳೂ ಸಿಕ್ಕಿದವು. ಆಚಾರ್ರು ನೆಲದ ಮೇಲೆಯೇ ಲೆಕ್ಕ ಬರೆದರು. ಆರೂವರೆ ಅಡಿ ಉದ್ದ, ಐದು ಅಡಿ ಅಗಲದ ಮಂಚದ ಹಾಸು ಹಲಗೆಗೆ 2.7 ಘನ ಅಡಿ, ಪಟ್ಟಿ, ಕಾಲು, ತಲೆಹಲಗೆ ಎಲ್ಲ ಸೇರಿ ಸುಮಾರು ಐದೂವರೆ. ಕೊಯ್ಯುವಾಗ, ತೋಪಡ ಹೊಡೆಯುವಾಗ ಹೋಗುವುದನ್ನೂ ಸೇರಿಸಿದರೆ 7 ಘನ ಅಡಿ ಮರ ಬೇಕು. ಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಕಾಲಿನ ತೂತಿಗೆ ಕೂರಿಸಿದರು. ಒಂದು ಮೊಳೆ ಇಲ್ಲ! ಹಲಗೆ ಜೋಡಿಸುವಾಗ ಅವರು ಕೇಳಿದರು, "ವಸಿ ಸಂದು ಬುಡ್ಬೇಕು ಸಾಬ್ರೇ, ಮರ ಉಸುರಾಡ್ತದೆ." ಸಂದು ಕಂಡರೆ ನೆಂಟರು ಏನಂದುಕೊಂಡಾರು ಎಂಬ ಚಿಂತೆ ನಮಗೆ. ಒತ್ತಾಗಿಯೇ ಕೂರಿಸಿ ಎಂದುಬಿಟ್ಟೆವು.

ಮೇ ತಿಂಗಳಲ್ಲಿ ಮಂಚ ಘಟ್ಟ ಇಳಿಯಿತು, ಜೂನ್‌ನಲ್ಲಿ ಮಳೆ ಹಿಡಿಯಿತು. ಚಾಮರಾಜನಗರ ಜಿಲ್ಲೆಯಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ, ನಮ್ಮ ದಕ್ಷಿಣ ಕನ್ನಡದಲ್ಲಿ 3,500 ಮಿ.ಮೀ.ಗೂ ಮೇಲೆ. ಮರ ಗಾಳಿಯ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆಂಬಷ್ಟು ಕಡಿಮೆ, ಅಡ್ಡಕ್ಕೆ ಬೆಳೆಯುತ್ತದೆ. ಐದು ಅಡಿ ಅಗಲದಲ್ಲಿ ಅರ್ಧ ಅಂಗುಲ, ಮುಕ್ಕಾಲು ಅಂಗುಲ ಬೆಳೆದರೆ ಆಶ್ಚರ್ಯವಿಲ್ಲ. ಜಾಗ ಸಾಲದೆ ಹಲಗೆಗಳು ಎರಡೂ ಬದಿಯ ಪಟ್ಟಿಗಳನ್ನು ಹೊರಗೆ ದಬ್ಬಿದವು. ಆಗಸ್ಟ್‌ನಲ್ಲಿ ಒಂದು ಕೂಡುವಿಕೆ ಸೀಳಿಹೋಯಿತು. "ನಿನ್ನ ಮಾಮ ಕೊಟ್ಟ ಗಟ್ಟಿಮರ ಇದೇನಾ?" ಅಂತ ಆ ಮನೆಯಲ್ಲಿ ಯಾರೋ ತಮಾಷೆಗೆ ಕೇಳಿದರಂತೆ. ತಮಾಷೆಯೇ ಇರಬಹುದು. ಮದುವೆಯಾಗಿ ಮೂರು ತಿಂಗಳಾಗಿದ್ದ ಹುಡುಗಿ ಉಮ್ಮನಿಗೆ ಫೋನ್ ಮಾಡಿ ಅತ್ತಳು. ತಪ್ಪು ಆಚಾರ್ರದ್ದಲ್ಲ, ಮರದ್ದೂ ಅಲ್ಲ. ನಮ್ಮದು.

ಮಳೆಗಾಲ ಮುಗಿದ ಮೇಲೆ ಅಲ್ಲಿನ ಆಚಾರ್ರೊಬ್ಬರು ಒಂದು ಹಲಗೆ ತೆಗೆದು, ಅಂಚು ಸವರಿ, ಸಂದು ಬಿಟ್ಟು ಮತ್ತೆ ಕೂರಿಸಿದರು. ಅದೇ ಮಂಚ ಈಗಲೂ ಇದೆ.

ಹಸಿಮರದ ಕಥೆ ಇದಕ್ಕೆ ತಿರುಗು. ಮಳೆಗಾಲದಲ್ಲಿ ಕೊಯ್ದು ಅವಸರದಲ್ಲಿ ಮಾಡಿದ ಮಂಚ ಮಾರ್ಚ್ ಬಂದಾಗ ಕುಗ್ಗಿ ಬಿರುಕು ಬಿಡುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಎಂಬುದು ಹಳೆಯ ಲೆಕ್ಕ. ನೆರಳಲ್ಲಿ, ನೆಲಕ್ಕೆ ತಾಗದಂತೆ, ಹಲಗೆ ಹಲಗೆ ನಡುವೆ ಕೋಲಿಟ್ಟು ಪೇರಿಸಬೇಕು. ತುದಿಗಳಿಗೆ ಪೈಂಟ್ ಬಳಿಯಬೇಕು, ಇಲ್ಲದಿದ್ದರೆ ಮೊದಲು ಸೀಳುವುದು ತುದಿಯೇ. ಹೊರಗಿನ ಬಿಳಿ ಭಾಗ ಬಿಟ್ಟುಬಿಡಬೇಕು, ಹುಳುವಿಗೆ ಅದೇ ಇಷ್ಟ. ಮಂಚ ಯಾವ ಊರಿನಲ್ಲಿ ನಿಲ್ಲಬೇಕೋ ಆ ಊರಿನ ಗಾಳಿಯಲ್ಲೇ ಹಲಗೆ ಕೆಲವು ತಿಂಗಳು ಇರಬೇಕು.

ಈಗ ಹೇಳಿ, ನಿಶ್ಚಯದಿಂದ ನಿಕಾಹ್‌ಗೆ ಮೂರು ತಿಂಗಳು ಇರುವಾಗ ಹೆಣ್ಣಿನ ಉಪ್ಪ ಇದನ್ನೆಲ್ಲ ಮಾಡುವುದು ಹೇಗೆ? ಮಗಳು ಯಾವ ಊರಿಗೆ ಹೋಗುತ್ತಾಳೆ, ಆ ಕೋಣೆ ಎಷ್ಟು ದೊಡ್ಡದು ಎಂಬುದೇ ಅವರಿಗೆ ಮೊದಲು ಗೊತ್ತಿರುವುದಿಲ್ಲ. ಗಂಡಿನ ಮನೆಯವರಿಗೆ ಎರಡೂ ಗೊತ್ತು. ಮಗ ಗಲ್ಫಿಗೆ ಹೋದ ದಿನದಿಂದಲೇ ಅವನ ಮದುವೆಯ ಲೆಕ್ಕ ಹಾಕುವವರು ಒಂದು ಮರ ಸೀಳಿಸಿ ಇಡಲಾರರೇ? ಹೆಂಡತಿಗೆ ಇರಲು ಜಾಗ, ಮಲಗಲು ಹಾಸಿಗೆ ಒದಗಿಸುವುದು ಗಂಡನ ಹೊಣೆ ಎಂದು ನಾವು ಕಲಿಸುವ ಶಾಫಿಈ ಕಿತಾಬುಗಳಲ್ಲೇ ಇದೆ. ಮಕ್ಕಳಿಗೆ ಕಲಿಸುತ್ತೇವೆ, ಮದುವೆ ಮಾತುಕತೆಗೆ ಕೂತಾಗ ಬಾಯಿ ಬಿಡುವುದಿಲ್ಲ. ಇದರಲ್ಲಿ ಉಸ್ತಾದರುಗಳಾದ ನಮ್ಮ ತಪ್ಪೂ ಇದೆ.

ತೇಗವೇ ಆಗಬೇಕೆಂದಿಲ್ಲ. ನಮ್ಮ ಹಿತ್ತಿಲ ಹಲಸಿನ ಹಳದಿ ಚೇಗು ಯಾವ ಮಂಚಕ್ಕೂ ಸಾಕು. ಮರ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ, 1976ರ ಮರಗಳ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಇದೆ. ಮರ ಸಿಗದವರು ಪ್ಲೈವುಡ್‌ನಲ್ಲೇ ಮಾಡಿಸುವುದಾದರೆ ಐಎಸ್ 710 ಗುರುತು ನೋಡಿ ತರಲಿ, ಅದು ತೇವಕ್ಕೆ ತಡೆಯುತ್ತದೆ.

ಕಳೆದ ಮಳೆಗಾಲದ ಗಾಳಿಗೆ ನಮ್ಮ ಹಿತ್ತಿಲಲ್ಲಿ ಒಂದು ಹಲಸು ಬಿತ್ತು. ಸೌದೆಗೆ ಕೊಡೋಣ ಎಂದಿದ್ದರು ಮನೆಯವರು. ದೊಡ್ಡ ಮಗನಿಗೆ ಈಗ ಹದಿನೆಂಟು. ಹಲಗೆ ಸೀಳಿಸಿ, ನಡುವೆ ಕೋಲಿಟ್ಟು, ಕೊಟ್ಟಿಗೆಯಲ್ಲಿ ಪೇರಿಸಿದ್ದೇವೆ.