ಪಂಪಿನ ಸೀಲು ಒಡೆಯೋ ಮುಂಚೆ

ಹಳೇ ಮೆಕ್ಯಾನಿಕಲ್ ಪಂಪಿನ ಲಾರಿ ಘಾಟಿ ಎಳೀತಿಲ್ಲ ಅಂದ ಕೂಡಲೇ ಸೀಲು ಒಡೆದು, ಫುಲ್‌ಲೋಡ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ‘ಈಗ ನೋಡಿ ಪಿಕಪ್’ ಅನ್ನೋ ಚಾಳಿ ನಿಲ್ಲಬೇಕು. ಇದು ರಿಪೇರಿ ಅಲ್ಲ ಬಂಧುಗಳೇ, ಇಂಜಿನ್ನಿಗೆ ಮಾಡೋ ದ್ರೋಹ.

ಆ ಸ್ಕ್ರೂ ಹೆಚ್ಚಿಸೋದು ಡೀಸೆಲ್ಲನ್ನು, ಗಾಳಿಯನ್ನಲ್ಲ. ಗಾಳಿ ಸಾಲದೆ ಪೂರ್ತಿ ಉರಿಯದ ಡೀಸೆಲ್ಲೇ ಕರಿಹೊಗೆ. ನಮ್ಮ ದುಡ್ಡೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಶಾಖ ಏರಿ ಪಿಸ್ಟನ್ ಸುಟ್ಟರೆ ಸ್ಕ್ರೂ ತಿರುಗಿಸಿದವನು ಕಾಸು ಕೊಡ್ತಾನಾ? ಸತ್ಯಮಂಗಲದಿಂದ ತಾಳವಾಡಿ ಕಡೆ ಹತ್ತೋ ದಿಂಬಂ ಘಾಟಿಯ 27 ತಿರುವುಗಳಲ್ಲೂ ಹಿಂದಿನ ಬೈಕಿನವರು ಆ ಹೊಗೆ ಕುಡೀಬೇಕಾ?

ಎಳೆತ ಕಮ್ಮಿಯಾದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನೋಡಿ. ನಾಝಲ್, ಟ್ಯಾಪೆಟ್, ಟೈಮಿಂಗ್ ನೋಡಿಸಿ. ಆಮೇಲೂ ಪಂಪಿನ ಮೇಲೇ ಅನುಮಾನ ಇದ್ದರೆ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿಸಿ. ಆರು ಸಿಲಿಂಡರಿನ ಇನ್‌ಲೈನ್ ಪಂಪಿಗೆ ಆರು ಪ್ಲಂಜರ್. ಆರೂ ಸಮನಾಗಿ ಡೀಸೆಲ್ ಕೊಡ್ತಿವೆಯಾ ಅಂತ ಬೆಂಚಿನ ಮೇಲೆ ಅಳೆದು ನೋಡಬೇಕು. ಕಿವಿಗೊಟ್ಟು, ಸ್ಕ್ರೂಡ್ರೈವರ್ ಹಿಡಿದು ಆಗೋ ಕೆಲಸ ಇದಲ್ಲ.

ಮಾಲೀಕರಲ್ಲೂ ನಾವು ಕೇಳೋದು ಇಷ್ಟೇ: ಮಿತಿ ಮೀರಿ ಲೋಡ್ ಹಾಕಿ, ‘ಪಂಪ್ ಏರಿಸ್ಕೊಂಡು ಬಾ’ ಅಂತ ಡ್ರೈವರಿಗೆ ಹೇಳಬೇಡಿ. ದಾರೀಲಿ ಹೊಗೆಗೆ ದಂಡ ಬಿದ್ದಾಗ ಬೈಸಿಕೊಳ್ಳೋನು ಅವನೇ. ಸೀಲಿಗೆ ಕೈ ಹಾಕೋ ಮುಂಚೆ ನಿಮ್ಮ ತೂಕದ ಚೀಟಿ ತೆಗೆದು ನೋಡಿ.