ದುಡ್ಡು-ಕಾಸು: ಮೊದಲು ಫೀಸು ಕೇಳಿದರೆ ಅದು ಸಾಲ ಮನ್ನಾ ಅಲ್ಲ

‘ನಿಮ್ಮ ಕ್ರೆಡಿಟ್ ಕಾರ್ಡ್ ಸಾಲ ಪೂರ್ತಿ ಮಾಫ್. ಕಾನೂನು ಪ್ರಕಾರ. ರಿಕವರಿ ಫೋನ್ ಬಂದ್. ಇಂದೇ ನೋಂದಾಯಿಸಿ.’

ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವೊಮ್ಮೆ ಅದು ಹಿಂದಿಯಲ್ಲಿರುತ್ತದೆ, ಕೆಲವೊಮ್ಮೆ ಮರಾಠಿಯಲ್ಲಿ. ಫೋನ್ ಮಾಡಿದರೆ ಆ ಕಡೆಯವರು ‘ಭಾವೂ’ ಎಂದು ಪ್ರೀತಿಯಿಂದಲೇ ಮಾತಾಡುತ್ತಾರೆ. ಬಾಕಿ ಎಷ್ಟಿದೆ, ಯಾವ ಬ್ಯಾಂಕು, ಎಷ್ಟು ತಿಂಗಳಿಂದ ಕಟ್ಟಿಲ್ಲ ಎಂದು ಕೇಳಿ, ಕೊನೆಗೆ ಒಂದು ಮೊತ್ತ ಹೇಳುತ್ತಾರೆ. ನೋಂದಣಿ ಫೀಸು, ವಕೀಲರ ಫೀಸು, ಫೈಲ್ ಚಾರ್ಜು, ಹೀಗೆ ಏನಾದರೊಂದು ಹೆಸರು. ಅದನ್ನು ಮೊದಲು ಯುಪಿಐ ಮಾಡಬೇಕು, ಕೆಲಸ ಆಮೇಲೆ.

ಕುರಕುಂಭ ಎಂಐಡಿಸಿಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುತ್ತ ಊರಿಗೆ ದುಡ್ಡು ಕಳಿಸುವವರಿಗೆ ಈ ಮಾತು ಯಾಕೆ ಬೇಗ ತಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಠೇಕೇದಾರರ ಸಂಬಳ ಒಂದು ತಿಂಗಳು ತಡವಾದರೆ ಸಾಕು, ಊರಲ್ಲಿ ಯಾರಿಗೋ ಆಸ್ಪತ್ರೆ ಖರ್ಚು ಬಂದರೆ ಸಾಕು, ಕಾರ್ಡು ಉಜ್ಜಿದ ದುಡ್ಡು ಬೆಟ್ಟವಾಗುತ್ತದೆ. ಆಮೇಲೆ ಶುರುವಾಗುವುದು ರಿಕವರಿಯವರ ಫೋನ್. ಹಗಲು ಪಾಳಿಯಲ್ಲಿ ಮೊಬೈಲ್ ಲಾಕರಿನಲ್ಲಿರುತ್ತದೆ. ಹೊರಗೆ ಬಂದು ನೋಡಿದರೆ ಇಪ್ಪತ್ತು ಮಿಸ್ಡ್ ಕಾಲ್. ಆ ಹೊತ್ತಿನಲ್ಲಿ ‘ಎಲ್ಲ ಮಾಫ್’ ಎನ್ನುವವನ ದನಿ ದೇವರ ದನಿಯಂತೆ ಕೇಳಿಸುತ್ತದೆ.

‘ಮನ್ನಾ’ ಎಂಬ ಮಾತನ್ನು ನಾವು ಯಾಕೆ ನಂಬುತ್ತೇವೆ?

ನಂಬುವುದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಸಾಲ ಮನ್ನಾ ನಿಜವಾಗಿಯೂ ಆಗಿದೆ. ದೇವರಾಜ ಅರಸು ಅವರ ಕಾಲದಲ್ಲಿ, 1976ರಲ್ಲಿ, ಬಡವರು ಲೇವಾದೇವಿಗಾರರಿಂದ ತಂದ ಸಾಲಕ್ಕೆ ಋಣ ಪರಿಹಾರ ಕಾಯ್ದೆ ಬಂತು. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿತು. 2018ರಲ್ಲಿ ಕರ್ನಾಟಕದಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆ ಸಾಲ ಮನ್ನಾ ಘೋಷಿಸಿತು. ಮಹಾರಾಷ್ಟ್ರದಲ್ಲೂ 2017 ಮತ್ತು 2019ರಲ್ಲಿ ರೈತರ ಕರ್ಜಮಾಫಿ ಯೋಜನೆಗಳು ಬಂದವು. ಕಲಬುರಗಿ, ಬೀದರ, ವಿಜಯಪುರದ ಕಡೆಯ ಮನೆಗಳಲ್ಲಿ ಇವುಗಳಲ್ಲಿ ಒಂದರ ಲಾಭ ಪಡೆದವರು ಒಬ್ಬರಾದರೂ ಸಿಗುತ್ತಾರೆ.

ಆದರೆ ಈ ಎಲ್ಲವನ್ನೂ ಒಂದು ಸಲ ಹೊಂದಿಸಿ ನೋಡಿ. ಒಂದು, ಮನ್ನಾ ಮಾಡಿದ್ದು ಸರ್ಕಾರ, ಖಾಸಗಿ ಕಚೇರಿಯಲ್ಲ. ಎರಡು, ಮನ್ನಾ ಆದದ್ದು ಬೆಳೆ ಸಾಲ ಅಥವಾ ಲೇವಾದೇವಿ ಸಾಲ. ಇವುಗಳಲ್ಲಿ ಒಂದರಲ್ಲೂ ಕ್ರೆಡಿಟ್ ಕಾರ್ಡಿನ ಬಾಕಿ ಸೇರಿರಲಿಲ್ಲ. ಮೂರು, ಮನ್ನಾ ಮಾಡಿಸಿಕೊಳ್ಳಲು ಯಾರಿಗೂ ಮುಂಗಡ ಫೀಸು ಕೊಡಬೇಕಾಗಿರಲಿಲ್ಲ. ಊರಿನ ನೆನಪಿನಲ್ಲಿರುವ ಒಳ್ಳೆಯ ಪದವನ್ನು ಕದ್ದು ಇಲ್ಲಿ ಅಂಗಡಿ ಹಾಕಿದ್ದಾರೆ, ಅಷ್ಟೇ.

ರಿಸರ್ವ್ ಬ್ಯಾಂಕ್ ಹೇಳಿದ್ದೇನು?

2023ರ ಡಿಸೆಂಬರ್ 11ರಂದು ರಿಸರ್ವ್ ಬ್ಯಾಂಕ್ ಇದರ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತು. ಸಾಲ ಮನ್ನಾ ಮಾಡಿಸುತ್ತೇವೆಂದು ಪತ್ರಿಕೆಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಕೊಡುವವರಿದ್ದಾರೆ. ಯಾವ ಅಧಿಕಾರವೂ ಇಲ್ಲದೆ ‘ಸಾಲ ಮನ್ನಾ ಪ್ರಮಾಣಪತ್ರ’ ಕೊಡುತ್ತಾರೆ. ಅದಕ್ಕೆ ಸೇವಾ ಶುಲ್ಕ, ಕಾನೂನು ಶುಲ್ಕ ವಸೂಲಿ ಮಾಡುತ್ತಾರೆ. ಬ್ಯಾಂಕಿನ ಸಾಲ ತೀರಿಸಬೇಕಾಗಿಲ್ಲ ಎಂದು ಸುಳ್ಳು ಹೇಳುತ್ತಾರೆ. ಇಂಥವರ ಬಲೆಗೆ ಬೀಳಬೇಡಿ, ಪೊಲೀಸರಿಗೆ ತಿಳಿಸಿ. ಇದು ಆ ಎಚ್ಚರಿಕೆಯ ಸಾರ.

ಸೀಲು, ಸಿಂಹದ ಚಿತ್ರ, ವಕೀಲರ ಸಹಿ ಎಲ್ಲ ಇರುವ ಆ ಪ್ರಮಾಣಪತ್ರವನ್ನು ಬ್ಯಾಂಕಿಗೆ ಒಯ್ದು ಕೊಟ್ಟರೆ ಅದಕ್ಕೆ ರದ್ದಿ ಕಾಗದದ ಬೆಲೆ. ನಿಮ್ಮ ಸಾಲವನ್ನು ಕಡಿಮೆ ಮಾಡುವ ಅಧಿಕಾರ ಸಾಲ ಕೊಟ್ಟ ಬ್ಯಾಂಕಿಗೆ ಇದೆ, ನ್ಯಾಯಾಲಯಕ್ಕೆ ಇದೆ. ನಡುವೆ ನಿಂತವನಿಗೆ ಇಲ್ಲ.

‘ರೈಟ್ ಆಫ್’ ಎಂಬ ಗೊಂದಲ

ಮೋಸಗಾರರು ಇನ್ನೊಂದು ಮಾತು ಹೇಳುತ್ತಾರೆ: ‘ದೊಡ್ಡವರ ಸಾವಿರಾರು ಕೋಟಿ ರೈಟ್ ಆಫ್ ಆಗುತ್ತದೆ, ನಿಮ್ಮ ಅರವತ್ತು ಸಾವಿರ ಆಗುವುದಿಲ್ಲವೇ?’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ರೈಟ್ ಆಫ್ ಎಂದರೆ ಮನ್ನಾ ಅಲ್ಲ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆಯುತ್ತದೆ. ಸಾಲಗಾರನ ತಲೆಯ ಮೇಲಿನಿಂದ ತೆಗೆಯುವುದಿಲ್ಲ. ವಸೂಲಿ ಮಾಡುವ ಹಕ್ಕು ಬ್ಯಾಂಕಿಗೆ ಹಾಗೆಯೇ ಉಳಿಯುತ್ತದೆ. ಸಿಬಿಲ್ ವರದಿಯಲ್ಲಿ ‘ರಿಟನ್ ಆಫ್’ ಎಂದು ಕಂಡರೆ ಸಾಲ ತೀರಿತೆಂದು ಸಂತೋಷಪಡಬೇಡಿ. ಮುಂದೆ ಗಾಡಿ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಮೊದಲು ಅಡ್ಡ ಬರುವುದು ಅದೇ.

ಮೋಸದ ಮೂರು ದಾರಿಗಳು

ಮೊದಲನೆಯದು ನೇರ ಕಳ್ಳತನ. ಫೀಸು ತೆಗೆದುಕೊಂಡು ನಂಬರ್ ಬಂದ್ ಮಾಡುತ್ತಾರೆ. ಅದಕ್ಕೂ ಮುಂಚೆ ‘ಜಿಎಸ್‌ಟಿ ಬಾಕಿ ಇದೆ’, ‘ಕೋರ್ಟ್ ಸ್ಟ್ಯಾಂಪ್ ಬೇಕು’ ಎಂದು ಎರಡು ಮೂರು ಸಲ ಇನ್ನಷ್ಟು ಎಳೆಯುತ್ತಾರೆ.

ಎರಡನೆಯದು ದಾಖಲೆಯ ಕಳ್ಳತನ. ಆಧಾರ್, ಪ್ಯಾನ್, ಕಾರ್ಡಿನ ಎರಡೂ ಬದಿಯ ಫೋಟೋ, ಓಟಿಪಿ ಕೇಳುತ್ತಾರೆ. ಇಲ್ಲವೇ ಮೊಬೈಲಿನ ಪರದೆ ಅವರಿಗೆ ಕಾಣುವಂಥ ಆ್ಯಪ್ ಹಾಕಿಸುತ್ತಾರೆ. ಹಳೆಯ ಸಾಲ ಹೋಗುವುದಿರಲಿ, ನಿಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟಬಹುದು.

ಮೂರನೆಯದು ನಿಧಾನದ್ದು, ಅದಕ್ಕೇ ಹೆಚ್ಚು ಅಪಾಯದ್ದು. ‘ಬ್ಯಾಂಕಿಗೆ ಕಟ್ಟುವುದನ್ನು ನಿಲ್ಲಿಸಿ. ಅವರ ಫೋನ್ ಎತ್ತಬೇಡಿ. ಪ್ರತಿ ತಿಂಗಳು ನಮಗೆ ಇಷ್ಟು ಕಟ್ಟಿ, ನಾವು ಮಾತಾಡುತ್ತೇವೆ’ ಎನ್ನುತ್ತಾರೆ. ಕಚೇರಿ ಇರುತ್ತದೆ, ರಸೀದಿಯೂ ಸಿಗಬಹುದು. ಆದರೆ ಬ್ಯಾಂಕಿನ ಬಡ್ಡಿ ಗಡಿಯಾರ ಅವರಿಗಾಗಿ ನಿಲ್ಲುವುದಿಲ್ಲ.

ಒಂದು ಲೆಕ್ಕ

ಕಾರ್ಡಿನಲ್ಲಿ 60,000 ರೂಪಾಯಿ ಬಾಕಿ ಇದೆ ಎಂದುಕೊಳ್ಳಿ. ಬಡ್ಡಿ ತಿಂಗಳಿಗೆ ಶೇ. 3.5. ಹೇಳಲು ಚಿಕ್ಕದು, ವರ್ಷಕ್ಕೆ ಶೇ. 42 ಆಯಿತು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿದೆ.

60,000ಕ್ಕೆ ತಿಂಗಳ ಬಡ್ಡಿ 2,100. ಅದರ ಮೇಲೆ ಶೇ. 18 ಜಿಎಸ್‌ಟಿ 378. ಒಟ್ಟು 2,478. ಮಧ್ಯವರ್ತಿಯ ಮಾತು ಕೇಳಿ ಆರು ತಿಂಗಳು ಕಟ್ಟದಿದ್ದರೆ ಇದೊಂದೇ ಸುಮಾರು 15,000 ಆಗುತ್ತದೆ. ತಡ ಮಾಡಿದ ದಂಡ ಬೇರೆ, ಮಧ್ಯವರ್ತಿಯ ಫೀಸು ಬೇರೆ. ಅಂದರೆ ಸಾಲ ‘ಮನ್ನಾ’ ಮಾಡಿಸಲು ಹೊರಟವನ ಸಾಲ ಮುಕ್ಕಾಲು ಲಕ್ಷ ದಾಟಿರುತ್ತದೆ.

ಈಗ ಇನ್ನೊಂದು ದಾರಿ. ಅದೇ 60,000 ರೂಪಾಯಿಯನ್ನು ಕಂತಿಗೆ ಬದಲಿಸಿಕೊಡಿ ಎಂದು ಬ್ಯಾಂಕನ್ನೇ ಕೇಳಿದಿರಿ. ವರ್ಷಕ್ಕೆ ಶೇ. 18ರ ಬಡ್ಡಿಯಲ್ಲಿ 24 ಕಂತು ಸಿಕ್ಕಿತು ಎಂದುಕೊಳ್ಳಿ. ಕಂತು ಸುಮಾರು 3,000 ರೂಪಾಯಿ. ಎರಡು ವರ್ಷದಲ್ಲಿ ಒಟ್ಟು ಕಟ್ಟುವುದು, ಜಿಎಸ್‌ಟಿ ಸೇರಿ, ಸುಮಾರು 74,000. ಕಡಿಮೆಯೇನಲ್ಲ. ಆದರೆ ಸಾಲ ಮುಗಿಯುತ್ತದೆ, ಹೆಸರೂ ಉಳಿಯುತ್ತದೆ. ಬ್ಯಾಂಕು ಹೇಳುವ ದರ, ಪ್ರೊಸೆಸಿಂಗ್ ಶುಲ್ಕ ಬೇರೆ ಇರಬಹುದು. ಒಪ್ಪುವ ಮುಂಚೆ ಎರಡನ್ನೂ ಕೇಳಿ ಬರೆದುಕೊಳ್ಳಿ. ಬರೀ ‘ಮಿನಿಮಮ್ ಡ್ಯೂ’ ಕಟ್ಟುತ್ತ ಹೋದರೆ ಮಾತ್ರ ಅಸಲು ಕರಗುವುದೇ ಕಾಣುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು?

*ಮೊದಲು ಬ್ಯಾಂಕಿಗೆ ಹೇಳಿ.* ಕಾರ್ಡಿನ ಹಿಂದೆ ಇರುವ ನಂಬರಿಗೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿದ ನಂಬರಿಗೆ ಬೇಡ. ಕಾರ್ಡು ಉಜ್ಜುವುದನ್ನು ನಿಲ್ಲಿಸಿ, ಕಂತು ಕೇಳಿ. ಬಾಕಿ ಇನ್ನೂ ತಿಂಗಳು ಎರಡು ತಿಂಗಳದ್ದಾಗಿದ್ದರೆ ಈ ದಾರಿ ಸುಲಭ.

*ಸೆಟಲ್‌ಮೆಂಟ್ ಎಂಬುದು ಇದೆ, ಆದರೆ ಅದಕ್ಕೂ ಬೆಲೆ ಇದೆ.* ಸಾಲಗಾರರ ಜೊತೆ ರಾಜಿ ಮಾಡಿಕೊಳ್ಳಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ 2023ರ ಜೂನ್ 8ರ ನಿಯಮಗಳಲ್ಲಿ ಅವಕಾಶವಿದೆ. ನೀವೇ ನೇರವಾಗಿ ಕೇಳಬಹುದು, ಅದಕ್ಕೆ ಫೀಸಿಲ್ಲ. ಬ್ಯಾಂಕು ಒಪ್ಪಲೇಬೇಕೆಂದಿಲ್ಲ. ಒಪ್ಪಿದರೆ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ದಾಖಲಾಗುತ್ತದೆ, ಆ ಬ್ಯಾಂಕಿನಿಂದ ಕನಿಷ್ಠ 12 ತಿಂಗಳು ಹೊಸ ಸಾಲ ಸಿಗುವುದಿಲ್ಲ. ಮೊತ್ತ, ಕಟ್ಟುವ ದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಇರುವ ಪತ್ರ ಬ್ಯಾಂಕಿನ ಅಧಿಕೃತ ಇಮೇಲಿನಿಂದ ಬರುವವರೆಗೆ ಒಂದು ಪೈಸೆ ಕಟ್ಟಬೇಡಿ. ಕಟ್ಟುವುದು ಕಾರ್ಡಿನ ಖಾತೆಗೇ ಆಗಿರಲಿ, ರಿಕವರಿ ಹುಡುಗನ ಯುಪಿಐಗೆ ಅಲ್ಲ. ಮುಗಿದ ಮೇಲೆ ‘ಬಾಕಿ ಇಲ್ಲ’ ಪತ್ರ ತೆಗೆದುಕೊಂಡು ಜೋಪಾನ ಮಾಡಿ.

*ವಕೀಲರು ಬೇಕೆನಿಸಿದರೆ ಪುಕ್ಕಟೆ ಸಿಗುತ್ತಾರೆ.* ಇದು ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100. ಹೋಗುವಾಗ ಕಂಪನಿಯ ಗುರುತಿನ ಚೀಟಿ, ಸಂಬಳದ ಚೀಟಿ, ಕಾರ್ಡಿನ ಸ್ಟೇಟ್‌ಮೆಂಟ್ ಒಯ್ಯಿರಿ. ಲೋಕ ಅದಾಲತ್‌ನಲ್ಲಿ ಬ್ಯಾಂಕು ಮತ್ತು ನೀವು ಎದುರುಬದುರು ಕೂತು ರಾಜಿ ಮಾಡಿಕೊಳ್ಳಬಹುದು. ಕೋರ್ಟ್ ಫೀ ಇಲ್ಲ. ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಕಟ್ಟಲು ಆಗುವ ಮೊತ್ತಕ್ಕೆ ಮಾತ್ರ ಸಹಿ ಹಾಕಿ. ಮರಾಠಿಯಲ್ಲಿರುವ ಕಾಗದವನ್ನು ಓದಿಸಿಕೊಳ್ಳದೆ ಸಹಿ ಹಾಕಲೇಬೇಡಿ.

*ರಿಕವರಿಯವರಿಗೂ ಲಗಾಮು ಇದೆ.* ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಬೆದರಿಸುವಂತಿಲ್ಲ, ಊರಿನಲ್ಲಿರುವ ಅಪ್ಪ-ಅವ್ವನಿಗೆ, ಜೊತೆ ಕೆಲಸಗಾರರಿಗೆ ಹೇಳಿ ಮಾನ ಕಳೆಯುವಂತಿಲ್ಲ. ಹಾಗೆ ಮಾಡಿದರೆ ದಿನ, ಹೊತ್ತು, ನಂಬರ್ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೂ ಫೀಸಿಲ್ಲ. ಮಾಹಿತಿಗೆ 14448, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

*ಜೈಲಿನ ಭಯ.* ಕಾರ್ಡಿನ ಬಾಕಿ ಕಟ್ಟಲಾಗದ್ದು ಸಿವಿಲ್ ವ್ಯವಹಾರ. ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಪೊಲೀಸರು ಎಳೆದೊಯ್ಯುವುದಿಲ್ಲ. ಆದರೆ ಕೊಟ್ಟ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಆದರೆ ಬೇರೆ ಕೇಸು ಬರಬಹುದು. ಕೋರ್ಟಿನಿಂದ ನಿಜವಾದ ನೋಟಿಸ್ ಬಂದರೆ ಅದನ್ನು ಗೂಡಿನಲ್ಲಿಟ್ಟು ಮರೆಯಬೇಡಿ.

ಈಗಾಗಲೇ ದುಡ್ಡು ಕೊಟ್ಟಿದ್ದರೆ

ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಹೊತ್ತು ಕಳೆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತದೆ, ಹಿಡಿಯುವುದು ಕಷ್ಟವಾಗುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ, ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ವಾಟ್ಸ್‌ಆಪ್ ಮಾತುಕತೆ, ಯುಪಿಐ ರಸೀದಿ ಅಳಿಸಬೇಡಿ. ಅವರು ಹಾಕಿಸಿದ ಆ್ಯಪ್ ತೆಗೆದು ಪಿನ್, ಪಾಸ್‌ವರ್ಡ್ ಬದಲಿಸಿ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದನ್ನು ತರಿಸಿ ನಿಮ್ಮ ಹೆಸರಿನಲ್ಲಿ ಹೊಸ ಸಾಲ ಎದ್ದಿದೆಯೇ ನೋಡಿ. ಕೆಲವು ದಿನಗಳ ನಂತರ ‘ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು’ ಎಂದು ಮತ್ತೊಬ್ಬ ಫೋನ್ ಮಾಡಿದರೆ, ಅದು ಅದೇ ಅಂಗಡಿಯ ಇನ್ನೊಂದು ಬಾಗಿಲು.

ಹೊರದೇಶದಲ್ಲಿರುವ ಓದುಗರಿಗೆ ಒಂದು ಮಾತು. ಅಮೆರಿಕದಲ್ಲೂ ಇದೇ ಮೋಸ ಹೆಚ್ಚಾಗಿ, ಫೋನಿನಲ್ಲಿ ಗಿರಾಕಿ ಹಿಡಿಯುವ ಸಾಲ ಪರಿಹಾರ ಕಂಪನಿಗಳು ಒಂದು ಸಾಲವನ್ನಾದರೂ ಇತ್ಯರ್ಥ ಮಾಡುವ ಮುಂಚೆ ಫೀಸು ತೆಗೆದುಕೊಳ್ಳಬಾರದು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿತು. 2010ರ ಅಕ್ಟೋಬರ್ 27ರಿಂದ ಅದು ಜಾರಿಯಲ್ಲಿದೆ. ಆ ನಿಯಮವನ್ನು ನಾವು ಇಲ್ಲಿ ನಮಗೆ ನಾವೇ ಹಾಕಿಕೊಳ್ಳಬಹುದು: ಕೆಲಸ ಆಗುವ ಮುಂಚೆ ದುಡ್ಡು ಕೇಳಿದವನಿಗೆ ದುಡ್ಡಿಲ್ಲ.

ಈ ಲೇಖನವನ್ನು ನಿಮ್ಮ ಕೋಣೆಯ ಜೊತೆಗಾರರಿಗೂ ಓದಿ ಹೇಳಿ. ಸಾಲದಲ್ಲಿರುವವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಮೋಸಗಾರನಿಗೆ ಅನುಕೂಲವಾಗುವುದೂ ಅದೇ. 15100, 14448, 1930. ಈ ಮೂರು ನಂಬರ್‌ಗಳನ್ನು ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ: ಠೇಕೇದಾರ ಬದಲಾದಾಗ ಹಳೆಯ ಪಿಎಫ್ ಖಾತೆಯನ್ನು ಹೊಸದಕ್ಕೆ ಸೇರಿಸುವುದು ಹೇಗೆ?