ನಾಲೆಯ ಏರಿಯೂ ರಸ್ತೆಯ ಸಂಹಿತೆಯೂ

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ನಾಲೆಯ ಅಂಚಿಗೆ ತಡೆಗೋಡೆಯಿರಲಿಲ್ಲವೆಂಬ ಮಾತು ಅಂದು ಎಲ್ಲರ ಬಾಯಲ್ಲೂ ಇತ್ತು.

ಹಾಗಾದರೆ ತಡೆ ಎಲ್ಲಿರಬೇಕು, ಹೇಗಿರಬೇಕು ಎಂಬುದನ್ನು ಈ ದೇಶದಲ್ಲಿ ಯಾರೂ ಬರೆದಿಟ್ಟಿರಲಿಲ್ಲವೆ? ಬರೆದಿಟ್ಟಿದ್ದರು. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪಿತವಾಯಿತು. ಹೆಸರು ಕಾಂಗ್ರೆಸ್ ಎಂದಿದ್ದರೂ ರಾಜಕೀಯಕ್ಕೂ ಅದಕ್ಕೂ ನಂಟಿಲ್ಲ. ಅದು ಹೆದ್ದಾರಿ ಎಂಜಿನಿಯರುಗಳ ಸಂಸ್ಥೆ. ಸೇತುವೆಯೊಂದು ಎಷ್ಟು ಭಾರವನ್ನು ಹೊರುವಂತಿರಬೇಕು, ತಿರುವು ಎಷ್ಟು ಬಾಗಬಹುದು ಎಂಬುದನ್ನೆಲ್ಲ ಅದು ಸಂಹಿತೆಗಳಲ್ಲಿ ನಿರೂಪಿಸುತ್ತ ಬಂದಿದೆ. ಅವುಗಳಲ್ಲಿ 119ನೆಯ ಸಂಖ್ಯೆಯ ಕೈಪಿಡಿ ಇಡಿಯಾಗಿ ರಸ್ತೆಯಂಚಿನ ತಡೆಗಳಿಗೇ ಮೀಸಲು. ಅದು ಪ್ರಕಟವಾದದ್ದು 2015ರಲ್ಲಿ, ಎಂದರೆ ದುರಂತಕ್ಕೆ ಮೂರು ವರ್ಷ ಮುಂಚೆ.

ಆದುದರಿಂದ ಕೊರತೆ ಜ್ಞಾನದ್ದಲ್ಲ. ರೋಡ್ಸ್ ಕಾಂಗ್ರೆಸ್ ನಿಯಮವನ್ನು ಬರೆಯಬಲ್ಲುದೇ ಹೊರತು ಯಾರ ಕೈಹಿಡಿದೂ ಮಾಡಿಸಲಾರದು. ಹೊಸ ಹೆದ್ದಾರಿಯ ಕರಾರುಪತ್ರದಲ್ಲಿ ಅದರ ಸಂಹಿತೆಗಳು ಸಾಲುಸಾಲಾಗಿ ನಮೂದಾಗುತ್ತವೆ. ಆದರೆ ನಾಲೆಯ ಏರಿಯ ದಾರಿ ಮೂಲತಃ ನಾಲೆಯ ಮೇಲ್ವಿಚಾರಣೆಗೆಂದು ಬಿಟ್ಟ ದಾರಿ. ಮೊದಲು ಎತ್ತಿನ ಗಾಡಿ, ಆಮೇಲೆ ಕಬ್ಬಿನ ಟ್ರಾಕ್ಟರು, ಕೊನೆಗೆ ಬಸ್ಸು ಅದರ ಮೇಲೆ ಓಡಾಡತೊಡಗಿದುವು. ಅದು ರಸ್ತೆಯಾಯಿತೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ. ಆದಕಾರಣ ರಸ್ತೆಯ ನಿಯಮವೂ ಅದರತ್ತ ಸುಳಿಯಲಿಲ್ಲ. ಏರಿ ನೀರಾವರಿಯವರದು, ಡಾಂಬರು ಇನ್ನೊಬ್ಬರದು, ಬಸ್ಸಿನ ಪರವಾನಗಿ ಮತ್ತೊಬ್ಬರದು. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಪೂರ್ಣಗೊಂಡ ವೆಲ್ಲೆಸ್ಲಿ ಸೇತುವೆಗೆ ಯಾವ ಸಂಹಿತೆಯ ಆಸರೆಯೂ ಇರಲಿಲ್ಲ. ಆದರೆ ಅದಕ್ಕೆ ಹೊಣೆಗಾರರು ಯಾರೆಂದು ಕೇಳಿದರೆ ದಿವಾನ್ ಪೂರ್ಣಯ್ಯನವರೆಂಬ ಉತ್ತರ ಸಿದ್ಧವಾಗಿತ್ತು.

ನಾಲೆಯುದ್ದಕ್ಕೂ ಗೋಡೆ ಕಟ್ಟಲು ಹಣವೆಲ್ಲಿ ಎಂಬ ಆಕ್ಷೇಪ ತಳ್ಳಿಹಾಕತಕ್ಕದ್ದಲ್ಲ. ಆದರೆ ಉದ್ದಕ್ಕೂ ಕಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ಅಪಾಯದ ತಾಣಗಳನ್ನು ಮೊದಲು ಗುರುತಿಸುವುದೇ ವಿವೇಕ. ನೀರಿಗೆ ತಾಗಿದ ತಿರುವುಗಳು, ಎರಡು ವಾಹನ ಎದುರಾಗಲಾರದ ಇಕ್ಕಟ್ಟುಗಳು, ಶಾಲೆಯ ಮಕ್ಕಳನ್ನು ಹೊತ್ತ ಬಸ್ಸು ಹಾಯುವ ದಾರಿಗಳು: ಇಷ್ಟನ್ನು ತಾಲ್ಲೂಕುವಾರು ಪಟ್ಟಿಮಾಡಿ, ತಡೆ ನಿಲ್ಲುವವರೆಗೆ ಆ ದಾರಿಯಲ್ಲಿ ಬಸ್ಸಿಗೆ ಪರವಾನಗಿ ಕೊಡದಿರುವುದು ಸರ್ಕಾರಕ್ಕೆ ಅಸಾಧ್ಯವಾದ ಕಾರ್ಯವೇನೂ ಅಲ್ಲ. ಪಟ್ಟಿಯ ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರಬೇಕು, ಅಷ್ಟೆ.

ಕನಗನಮರಡಿಯ ತರುವಾಯ ಐದು ವರ್ಷಕ್ಕೆ, 2023ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಮಡಿದರು.